ಏನೇನ್ ಕದ್ರು?

ಈ ವಾರವಿಡೀ ನಮ್ಮ ಬಡಾವಣೆಯ ವಾಟ್ಸಾಪ್ ಗ್ರೂಪಿನಲ್ಲಿ ಒಂದೇ ವಿಡಿಯೋ. ನೀರು ಯಾವಾಗ ಬಿಡ್ತಾರೆ, ಕಸದ ಗಾಡಿ ಯಾಕೆ ಬಂದಿಲ್ಲ ಅನ್ನುವ ಮಾಮೂಲಿ ಮಾತುಗಳೆಲ್ಲ ಅದರ ಅಡಿಯಲ್ಲಿ ಮುಚ್ಚಿಹೋಗಿವೆ. ವಿಡಿಯೋದಲ್ಲಿ ಇರುವುದು ಇಷ್ಟೇ. ಸಂಜೆಗತ್ತಲು. ಮೂವರು ಹುಡುಗರು. ಎದುರುಮನೆಯ ಗೇಟಿನ ಹೊರಗೆ ಒಂದು ಹಳೇ ಮಂಚದ ತಲೆಹಲಗೆಯನ್ನು ಗೋಡೆಗೆ ಒರಗಿಸಿಟ್ಟಿದ್ದಾರೆ. ಇಬ್ಬರು ಆಚೆಗೊಬ್ಬ ಈಚೆಗೊಬ್ಬ ನಿಂತು ಅದನ್ನು ಎತ್ತುತ್ತಾರೆ. ಒಬ್ಬನ ಚಪ್ಪಲಿ ಕಳಚುತ್ತದೆ, ಹಲಗೆ ಇಳಿಸಿ ಹಾಕಿಕೊಳ್ಳುತ್ತಾನೆ. ಮೂರನೆಯವನು ಈ ಕಡೆ ತಿರುಗಿ, ತುಟಿಯ ಮೇಲೆ ಬೆರಳಿಟ್ಟು ‘ಶ್’ ಅನ್ನುತ್ತಾನೆ. ಆಮೇಲೆ ಮೂವರೂ ಓಟ.

ಹೋಳಿ ಹುಣ್ಣಿಮೆ ಹತ್ತಿರ ಬಂದಿತ್ತು. ಹಲಗೆ ಯಾಕೆ ಹೋಯಿತು ಅಂತ ಕೇಳುವ ಅಗತ್ಯವೇ ಇಲ್ಲ, ಅಲ್ವಾ?

ಎದುರುಮನೆಯವರಿಗೆ ಇತ್ತು. ನಿವೃತ್ತರು, ಒಳ್ಳೆಯವರೇ. ನಾವು ಊರಿಗೆ ಹೋದಾಗ ನಮ್ಮ ಗಿಡಗಳಿಗೆ ನೀರು ಹಾಕುವವರು ಅವರೇ. ಆದರೆ ಕ್ಯಾಮೆರಾ ಹಾಕಿಸಿದ ಮೇಲೆ ಅವರಿಗೆ ಬೀದಿಯಲ್ಲಿ ನಡೆಯುವುದೆಲ್ಲ ಅನುಮಾನವೇ. ಕೊರಿಯರ್ ಹುಡುಗ ಫೋನಿನಲ್ಲಿ ಸ್ವಲ್ಪ ಹೊತ್ತು ಜಾಸ್ತಿ ಮಾತಾಡುತ್ತಾ ನಿಂತರೂ ಗ್ರೂಪಿಗೆ ಫೋಟೋ ಬರುತ್ತದೆ. ಈ ಸಲ ವಿಡಿಯೋ ಹಾಕಿ, ಕೆಳಗೆ ಬರೆದಿದ್ದರು: “ಕ್ಯಾಮೆರಾ ಇದೆ ಅಂತ ಗೊತ್ತಿದ್ದೂ ಎಷ್ಟು ಧೈರ್ಯ ನೋಡಿ. ಇವತ್ತು ಹಲಗೆ, ನಾಳೆ ಬೈಕು.”

ಹುಡುಗರು ಯಾರು ಅಂತ ಅರ್ಧ ಗಂಟೆಯೊಳಗೆ ಗೊತ್ತಾಯಿತು. ಇಬ್ಬರು ನಮ್ಮ ಹಿಂದಿನ ಕ್ರಾಸಿನ ಮನೆಗಳವರು. ಬೆರಳಿಟ್ಟವನು ಇಸ್ತ್ರಿ ಗಾಡಿಯವರ ಮಗ. ಅಲ್ಲಿಂದ ಗ್ರೂಪಿನ ಧಾಟಿಯೇ ಬದಲಾಯಿತು. ಒಬ್ಬ ತಾಯಿ, “ನಮ್ಮ ಮಗ ಸುಮ್ನೆ ಆಟಕ್ಕೆ ಅಂತ ಹೋಗಿದ್ದ, ಆ ಹುಡುಗನೇ ಕರ್ಕೊಂಡು ಹೋಗಿದ್ದು” ಅಂತ ಬರೆದರು. ಅವರು ಹಬ್ಬದ ಲೇಖನಗಳನ್ನು ತಪ್ಪದೆ ಫಾರ್ವರ್ಡ್ ಮಾಡುವವರು, ನಮ್ಮ ಸಂಸ್ಕೃತಿ ಮರೆಯಾಗುತ್ತಿದೆ ಅಂತ ಕೊರಗುವವರು. ಇನ್ನೊಬ್ಬರು, “ಮಕ್ಕಳು ಯಾರ ಜೊತೆ ಸೇರ್ತಾರೆ ಅಂತ ನೋಡ್ಕೋಬೇಕು” ಅಂದರು. ಮತ್ತೊಬ್ಬರು ಗಾಡಿ ನಿಲ್ಲಿಸಲು ಆತನಿಗೆ ಅನುಮತಿ ಕೊಟ್ಟವರು ಯಾರು ಅಂತ ಕೇಳಿದರು. ಆತ ನಿಲ್ಲುವುದು ಹೊಂಗೆ ಮರದ ಕೆಳಗೆ. ಈ ಬಡಾವಣೆಯಲ್ಲಿ ಅರ್ಧ ಮನೆಗಳು ಏಳುವುದಕ್ಕೂ ಮೊದಲಿನಿಂದ ನಿಂತಿದ್ದಾರೆ.

ನಾನು ಆ ಹಳೇ ಕೂಗನ್ನು ಟೈಪ್ ಮಾಡಿ ಹಾಕಿದೆ. ‘ಕಾಮಣ್ಣನ ಮಕ್ಕಳು, ಕಳ್ ನನ್ ಮಕ್ಕಳು. ಏನೇನ್ ಕದ್ರು? ಸೌದೆ ಬೆರಣಿ ಕದ್ರು. ಯಾತಕ್ ಕದ್ರು? ಕಾಮಣ್ಣನ್ ಸುಡೋಕ್ ಕದ್ರು.’ ಸುಮಾರು ಜನ ನಗುವ ಮುಖ ಹಾಕಿದರು. ಎದುರುಮನೆಯವರು ಮಾತ್ರ, “ಆ ಕಾಲ ಬೇರೆ” ಅಂತ ಬರೆದು ಮುಗಿಸಿದರು.

ಮಾರನೇ ದಿನ ಬೆಳಗ್ಗೆ ಇಸ್ತ್ರಿಯವರು ಆ ಹಲಗೆಯನ್ನು ತಲೆ ಮೇಲೆ ಹೊತ್ತುಕೊಂಡು ಬಂದರು. ನಾನು ಗೇಟಿನಲ್ಲಿ ಹಾಲಿನ ಪ್ಯಾಕೆಟ್ ತೆಗೆದುಕೊಳ್ಳುತ್ತಿದ್ದೆ. ಎದುರುಮನೆಯವರು ಹೊರಗೆ ಬಂದು ನಿಂತರು.

“ಮಗನ್ನ ಸ್ವಲ್ಪ ಹದ್ದುಬಸ್ತಿನಲ್ಲಿ ಇಟ್ಕೊಳ್ಳಪ್ಪ.”

“ಆಯ್ತು ಸಾರ್. ಇನ್ನೊಂದ್ಸಲ ಹಿಂಗಾಗಲ್ಲ.” ಹಲಗೆ ಇನ್ನೂ ತಲೆಯ ಮೇಲೇ ಇತ್ತು. “ಇದನ್ನ ಎಲ್ಲಿಡ್ಲಿ ಸಾರ್?”

“ಅಲ್ಲೇ ಹೊರಗೇ ಇಡು. ಗುಜರಿಯವನು ಬರ್ತಾನೆ, ಎತ್ಕೊಂಡು ಹೋಗ್ತಾನೆ.”

ಈ ಮೂರು ಮಾತು ಆಗಿನಿಂದ ನನ್ನ ತಲೆಯಲ್ಲಿ ಕೂತಿವೆ. ಅಲ್ಲೇ ಹೊರಗೇ ಇಡು. ಎಲ್ಲಿಂದ ಹೋಗಿತ್ತೋ ಅದೇ ಗೋಡೆಗೆ, ಅದೇ ಓರೆಯಲ್ಲಿ ಆತ ಅದನ್ನು ಒರಗಿಸಿದರು. ಕೈ ಮುಗಿದರು. ರಾಣೆಬೆನ್ನೂರಿನಲ್ಲಿ ಹೋಳಿಗೆ ಜೀವಂತ ಕಾಮ-ರತಿಯರನ್ನು ಕೂರಿಸುತ್ತಾರಲ್ಲ, ಎದುರಿಗೆ ಜನ ಏನೇ ಅಂದರೂ, ಎಂಥ ಚೇಷ್ಟೆ ಮಾಡಿದರೂ ಮುಖದ ಒಂದು ಗೆರೆ ಅಲ್ಲಾಡಬಾರದು ಅಂತ, ಹಾಗಿತ್ತು ಆತನ ಮುಖ. ನಗು ಬರಬೇಕಾದದ್ದು ನನಗೆ. ಬರಲಿಲ್ಲ.

ನಾನು ಹುಟ್ಟಿ ಬೆಳೆದದ್ದು ತಿಪಟೂರಿನಲ್ಲಿ. 1980ರ ದಶಕ. ಕೊಬ್ಬರಿಯ ಊರು ಅಂದಮೇಲೆ ಸುಡುವುದಕ್ಕೆ ಬರವೇ? ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತಿರ ಹತ್ತಿರ ಒಂದು ವರ್ಷ ಬಿಡುತ್ತಾರೆ. ಒಳಗಿನ ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಆಗ ಸಿಪ್ಪೆ ಸುಲಿದು, ಚಿಪ್ಪು ಒಡೆದು, ಗಿಟುಕನ್ನು ಇಡಿಯಾಗಿ ಹೊರಗೆ ತೆಗೆಯುತ್ತಾರೆ. ಉಳಿಯುವ ಚಿಪ್ಪಿಗೂ ಬೆಲೆ. ಬಚ್ಚಲ ಒಲೆಗೆ ಅದರಂಥ ಉರುವಲು ಇಲ್ಲ. ಒಂದು ಹಿಡಿ ಚಿಪ್ಪು ಹಾಕಿದರೆ ಹಂಡೆ ನೀರು ಕುದಿಯುತ್ತೆ. ಗರಿ, ಮಟ್ಟೆ, ಸಿಪ್ಪೆ ಇವೆಲ್ಲ ಹಿತ್ತಿಲಲ್ಲಿ ಬಿದ್ದಿರುತ್ತಿದ್ದವು, ಕೇಳಿದರೆ ಯಾರಾದರೂ ಕೊಡುತ್ತಿದ್ದರು. ಕೇಳಿ ತಂದದ್ದಕ್ಕೆ ನಮ್ಮಲ್ಲಿ ಮರ್ಯಾದೆ ಇರಲಿಲ್ಲ. ಕಾಮಣ್ಣನಿಗೆ ಕದ್ದದ್ದೇ ಆಗಬೇಕು.

ಕದಿಯುವುದಕ್ಕೂ ಕಟ್ಟುಪಾಡು ಇತ್ತು. ನೇಗಿಲು ಮುಟ್ಟುವ ಹಾಗಿಲ್ಲ, ತೊಟ್ಟಿಲು ಮುಟ್ಟುವ ಹಾಗಿಲ್ಲ. ಮನೆಯೊಳಗೆ ಹೋಗುವ ಹಾಗಿಲ್ಲ. ಯಜಮಾನ ನಮ್ಮನ್ನು ದಾರಿಯಲ್ಲಿ ಹಿಡಿದರೆ ಮಾಲು ಅವನದು. ಆದರೆ ಒಮ್ಮೆ ಕಾಮನ ಗುಡ್ಡೆಗೆ ಬಿದ್ದರೆ ಮುಗಿಯಿತು, ಯಾರಪ್ಪನೂ ವಾಪಸ್ ಕೇಳುವಂತಿಲ್ಲ. ಹಾಗಾಗಿ ಹುಣ್ಣಿಮೆಗೆ ಮುಂಚಿನ ರಾತ್ರಿಗಳಲ್ಲಿ ಬೀದಿಯ ದೊಡ್ಡವರೆಲ್ಲ ಏಣಿ, ಮಣೆ, ಹಾರೆಯ ಹಿಡಿ ಒಳಗಿಟ್ಟುಕೊಂಡು ಮಲಗುತ್ತಿದ್ದರು. ಮಲಗಿದ ಹಾಗೆ ಮಾಡುತ್ತಿದ್ದರು ಅನ್ನಬೇಕು.

ಮೂಲೆಮನೆಯಲ್ಲಿ ಒಬ್ಬರು ಅಜ್ಜಿ ಇದ್ದರು. ಬೆರಣಿ ತಟ್ಟಿ ಮಾರುತ್ತಿದ್ದರು. ನಾವು ಬೆರಣಿ ಗೂಡಿಗೆ ಕೈ ಹಾಕಿದ ಕೂಡಲೇ ಒಳಗಿಂದ ಬೈಗುಳ ಶುರು. “ಹಾಳಾದೋರಾ, ನಿಮ್ ಕೈ ಸೇದೋಗ, ಅಲ್ಲೇ ನಿಂತ್ಕೊಳ್ರೋ ಬಂದೆ!” ಬರುತ್ತಿರಲಿಲ್ಲ. ನಾವು ಬೇಲಿ ದಾಟುವ ತನಕ ಬೈಗುಳ ಬಾಗಿಲ ಒಳಗೇ ಇರುತ್ತಿತ್ತು. ಹುಣ್ಣಿಮೆ ದಿನ ಸಾಯಂಕಾಲ ಸೆರಗು ಹೊದ್ದು ಗುಡ್ಡೆಯ ಹತ್ತಿರ ಬಂದು, ಒಂದೊಂದೇ ಬೆರಣಿ ಎತ್ತಿ ತಿರುಗಿಸಿ ನೋಡುತ್ತಿದ್ದರು. “ಇದು ನಂದು. ಇದೂ ನಂದೇ. ನನ್ ಬೆರಳು ನಂಗೆ ಗೊತ್ತಾಗಲ್ವೇನ್ರೋ?” ನಿಜ, ಒಣಗಿದ ಬೆರಣಿಯ ಮೇಲೆ ನಾಲ್ಕು ಬೆರಳಿನ ಅಚ್ಚು ಇರುತ್ತಿತ್ತು. ಅಜ್ಜಿಗೆ ಕಿರುಬೆರಳು ಮೊಂಡು, ಆ ಕಡೆಯ ಅಚ್ಚು ಮೋಟಾಗಿ ನಿಲ್ಲುತ್ತಿತ್ತು. ನೋಡಿ, ಹೆಮ್ಮೆಯಿಂದ ವಾಪಸ್ ಗುಡ್ಡೆಗೇ ಇಡುತ್ತಿದ್ದರು.

ಮೇಷ್ಟ್ರ ಗೇಟಿನ ಕಥೆ ಇನ್ನೂ ದೊಡ್ಡದು. ಮರದ ಗೇಟು. ಬಿಜಾಗರಿಯ ಮೊಳೆ ಸವೆದಿದೆ, ಮೇಲಕ್ಕೆ ಎತ್ತಿದರೆ ಸಾಕು ಅಂತ ಕಂಡುಹಿಡಿದವನು ನಮ್ಮ ಗುಂಪಿನ ಬಾವಲಿ. ಅದು ನಾವಿಟ್ಟ ಹೆಸರು, ಯಾವಾಗಲೂ ಮರದಲ್ಲೇ ನೇತಾಡುತ್ತಿದ್ದ. ಅವನಪ್ಪ ಮಂಡಿಯಲ್ಲಿ ಹಮಾಲಿ. ಮನೆ ನಮ್ಮ ಬೀದಿಯಲ್ಲಿ ಇರಲಿಲ್ಲ, ಸಂತೆ ಮಾಳದ ಆಚೆ. ಆ ಗೇಟನ್ನು ನಾವು ಕತ್ತಲಲ್ಲಿ ಹೊತ್ತು ತಂದು ಗುಡ್ಡೆಯ ತಳಕ್ಕೆ ಸೇರಿಸಿ, ಮೇಲೆ ಗರಿ ಮುಚ್ಚಿದೆವು. ಬೆಳಗ್ಗೆ ಮೇಷ್ಟ್ರು ಬಂದು ಗುಡ್ಡೆಯ ಸುತ್ತ ಒಂದು ಸುತ್ತು ಹಾಕಿದರು. ಗರಿ ಸರಿಸಿದರು. “ಗೇಟು ಇರಲಿ. ಚಿಲಕ ಬಿಚ್ಕೊಡ್ರೋ, ಹೊಸದಕ್ಕೆ ಹಾಕಿಸ್ಬೇಕು” ಅಂದರು. ಬಾವಲಿಯೇ ಬಿಚ್ಚಿ ಕೊಟ್ಟ. ಮೇಷ್ಟ್ರು ಅವನ ತಲೆಗೆ ಒಂದು ಮೊಟಕಿ ಹೋದರು. ಆ ಮೊಟಕುವಿಕೆಗಾಗಿ ನಾವೆಲ್ಲ ಆಮೇಲೆ ಅವನ ಮೇಲೆ ಹೊಟ್ಟೆಕಿಚ್ಚು ಪಟ್ಟೆವು.

ಇಲ್ಲಿಗೇ ನಿಲ್ಲಿಸಿದರೆ ಎಲ್ಲರೂ ಹೇಳುವ ಕಥೆಯೇ ಆಗುತ್ತೆ. ಅಂದಿನ ಜನ ದೊಡ್ಡ ಮನಸ್ಸಿನವರು, ಇಂದಿನವರು ಕ್ಯಾಮೆರಾ ಹಾಕಿಸಿಕೊಂಡವರು. ನಾನೂ ಅದನ್ನು ಸಾಕಷ್ಟು ಸಲ ಹೇಳಿದ್ದೇನೆ, ನಮ್ಮ ಮನೆಯವರಿಗೆ ಬಾಯಿಪಾಠ ಆಗಿದೆ. ಆದರೆ ಈ ವಾರ ತಲೆಹಲಗೆ ನೋಡಿದ ಮೇಲೆ ನೆನಪಾಗುತ್ತಿರುವುದು ಗೇಟಲ್ಲ, ಚಿಪ್ಪಿನ ಮೂಟೆ.

ಅದು ಮುಂದಿನ ವರ್ಷವೋ, ಅದರ ಮುಂದಿನ ವರ್ಷವೋ. ಒಂದು ಮಂಡಿಯ ಹಿಂದಿನ ಶೆಡ್ಡಿನಿಂದ ಚಿಪ್ಪಿನ ಒಂದು ಮೂಟೆ ಎಳೆದುಕೊಂಡು ಹೊರಟಿದ್ದೆವು. ಮೂಟೆ ತೂತು ಬಿದ್ದು ದಾರಿಯುದ್ದ ಚಿಪ್ಪು ಚೆಲ್ಲಿತ್ತು, ಹಿಡಿಯುವುದು ಯಾರಿಗೂ ಕಷ್ಟವಾಗುತ್ತಿರಲಿಲ್ಲ. ಗುಮಾಸ್ತರು ಬ್ಯಾಟರಿ ಹಿಡಿದು ಬಂದರು. ಒಬ್ಬೊಬ್ಬನ ಮುಖಕ್ಕೆ ಬೆಳಕು ಬಿಟ್ಟರು. “ನೀನು ಪೋಸ್ಟಾಫೀಸಿನವರ ಮಗ ಅಲ್ವೇನೋ? ನಿಮ್ಮಪ್ಪನಿಗೆ ಹೇಳ್ತೀನಿ ಇರು.” ನಗುತ್ತಲೇ ಅಂದರು. ನನ್ನ ಮುಖಕ್ಕೆ ಬೆಳಕು ಬಂದಾಗಲೂ ಅದೇ ಥರದ ಮಾತು. ಬಾವಲಿಯ ಮುಖಕ್ಕೆ ಬಂದಾಗ ಬೆಳಕು ಅಲ್ಲೇ ನಿಂತಿತು. ಒಂದು ಏಟು ಬಿತ್ತು. ಆಮೇಲೆ ಕೇಳಿದರು, “ಇನ್ನೂ ಏನೇನ್ ಕದ್ದಿದ್ದೀಯ ಹೇಳೋ? ಏನೇನ್ ಕದ್ದೆ?”

ಆ ವಾರವೆಲ್ಲ ನಾವು ಗಂಟಲು ಹರಿಯುವ ಹಾಗೆ ಕೂಗುತ್ತಿದ್ದ ಪ್ರಶ್ನೆ ಅದು. ಬಾಯಿಗೆ ರೂಢಿಯಾಗಿತ್ತೋ ಏನೋ, ಬಾವಲಿ ತಕ್ಷಣ ಅಂದುಬಿಟ್ಟ: “ಸೌದೆ ಬೆರಣಿ.”

ನಮಗೆಲ್ಲ ನಗು ತಡೆಯಲಾಗಲಿಲ್ಲ. ಅವನಿಗೆ ಇನ್ನೊಂದು ಏಟು ಬಿತ್ತು.

ಅವನಪ್ಪ ಅದೇ ಮಂಡಿಗೆ ಮೂಟೆ ಹೊರುವವನು. ಮರುದಿನ ಸಾಹುಕಾರರ ಮುಂದೆ ನಿಂತಿದ್ದ ಅಂತ ಕೇಳಿದೆವು. ಏನು ಮಾತಾಯಿತು ಅಂತ ನನಗೆ ಯಾರೂ ಹೇಳಲಿಲ್ಲ. ಈಗ ಅನ್ನಿಸುತ್ತದೆ, ಬಹುಶಃ ಹೆಚ್ಚು ಮಾತೇನೂ ಆಗಿರಲಿಕ್ಕಿಲ್ಲ. ಹದ್ದುಬಸ್ತು, ಆಯ್ತು, ಎಲ್ಲಿಡ್ಲಿ.

ಹುಣ್ಣಿಮೆ ರಾತ್ರಿ ಬಾವಲಿ ಬಂದ. ಬರದೆ ಹೇಗೆ? ಬೆಂಕಿ ತರಬೇಕಾದವನೇ ಅವನು. ನಮ್ಮ ಬೀದಿಯ ಹಿರಿಯರೊಬ್ಬರು ಪಂಚಾಂಗ ನೋಡಿ ಹೊತ್ತು ಹೇಳುವವರು. ಕಾಮನಿಗೆ ಹಚ್ಚುವ ಬೆಂಕಿ ನಮ್ಮ ಮನೆಗಳ ಒಲೆಯದಾಗಬಾರದು, ಆಚೆ ಕಡೆಯಿಂದ ಬರಬೇಕು, ಅದೂ ಮಗುವಿನ ಕೈಯಲ್ಲೇ ಬರಬೇಕು ಅನ್ನುತ್ತಿದ್ದರು. ಸುಮ್ಮನೆ ಊರಿನ ಪದ್ಧತಿ ಅಂದುಕೊಂಡಿದ್ದೆ. ದೊಡ್ಡವನಾದ ಮೇಲೆ ಓದಿದೆ, ಹಳೆಯ ಧರ್ಮಶಾಸ್ತ್ರದ ಸಂಗ್ರಹಗಳಲ್ಲೇ ಅದು ಇದೆ. ಫಾಲ್ಗುಣದ ಈ ದಿನಗಳಲ್ಲಿ ಸೌದೆ ಕದಿಯುವುದು ವಿಧಿ ಅಂತ ಬರೆದಿದ್ದಾರೆ. ಬೆಂಕಿಯನ್ನು ಚಂಡಾಲನ ಮನೆಯಿಂದ, ಇಲ್ಲವೇ ಬಾಣಂತಿಯ ಮನೆಯಿಂದ ಮಗುವಿನ ಕೈಲಿ ತರಿಸಬೇಕು ಅಂತಲೂ ಬರೆದಿದ್ದಾರೆ. ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ವರ್ಷವೆಲ್ಲ ದೂರ ಇಟ್ಟ ಮನೆಯ ಒಲೆ ಆ ಒಂದು ರಾತ್ರಿಗೆ ಬೇಕು. ಎಷ್ಟು ಲೆಕ್ಕ ಹಾಕಿ ಬರೆದಿದ್ದಾರೆ ನೋಡಿ. ಕದಿಯುವುದಕ್ಕೆ ಎಲ್ಲರಿಗೂ ಅಪ್ಪಣೆ, ಬೆಂಕಿ ಮಾತ್ರ ಅವರ ಮನೆಯದು.

ಬಾವಲಿ ಒಂದು ಗೆರಟೆಯಲ್ಲಿ ಕೆಂಡ ತುಂಬಿ, ಮೇಲೆ ಬೂದಿ ಮುಚ್ಚಿ, ಗಾಳಿಗೆ ಆರದ ಹಾಗೆ ಎದೆಗೆ ಅಡ್ಡ ಹಿಡಿದು ಸಂತೆ ಮಾಳ ದಾಟಿ ಬಂದ. ಕೆನ್ನೆಯಲ್ಲಿ ಗುರುತೇನೂ ಇರಲಿಲ್ಲ, ಅಥವಾ ಕತ್ತಲಲ್ಲಿ ನನಗೆ ಕಾಣಲಿಲ್ಲ. ಗುಡ್ಡೆಯ ನಡುವೆ ಔಡಲ ಗಿಡ ನೆಟ್ಟಿದ್ದೆವು. ಹಳೇ ಶರ್ಟು ಪ್ಯಾಂಟಿಗೆ ತೆಂಗಿನ ನಾರು ತುರುಕಿ ಮಾಡಿದ ಕಾಮಣ್ಣ ಅದಕ್ಕೆ ಒರಗಿ ಕೂತಿದ್ದ. ಮಡಕೆಯ ತಲೆ, ಇದ್ದಿಲಿನ ಮೀಸೆ. ಚಿಪ್ಪಿಗೆ ಬೆಂಕಿ ಹತ್ತಿದರೆ ಬರುವ ಬಿಸಿಯೇ ಬೇರೆ, ಎಲ್ಲರೂ ಹೆಜ್ಜೆ ಹಿಂದಿಡಬೇಕು. ಚಿಪ್ಪಿಗಂಟಿದ ಕೊಬ್ಬರಿ ಚೂರು ಸೀದು ಬರುವ ವಾಸನೆಗೆ ನನಗೆ ಈಗಲೂ ಹಸಿವಾಗುತ್ತೆ. ಮಡಕೆ ಠಪ್ ಅಂತ ಒಡೆದಾಗ ನಾವೆಲ್ಲ ಅಂಗೈ ಹಿಂಭಾಗದಿಂದ ಬಾಯಿ ಬಡಿದುಕೊಂಡು ಲಬೋ ಲಬೋ ಅಂತ ಕೂಗಿದೆವು. ಅದು ರತಿಯ ಅಳು ಅಂತ ಅಜ್ಜಿ ಹೇಳುತ್ತಿದ್ದರು. ಅಳುವಷ್ಟು ಖುಷಿ ನಮಗೆ.

ಕಾಮನ ಕಥೆಯಲ್ಲೂ ನನಗೆ ಒಂದು ತಕರಾರು ಇದೆ. ತಾರಕಾಸುರನನ್ನು ಕೊಲ್ಲಲು ಶಿವನ ಮಗನೇ ಬೇಕು. ಶಿವನೋ ತಪಸ್ಸಿಗೆ ಕೂತಿದ್ದಾನೆ. ದೇವತೆಗಳೆಲ್ಲ ಸೇರಿ ಕಾಮನನ್ನು ಕಳಿಸುತ್ತಾರೆ. ಕಬ್ಬಿನ ಬಿಲ್ಲು, ಹೂವಿನ ಬಾಣ. ಹೋದ, ಬಿಟ್ಟ, ಬೂದಿಯಾದ. ಕಳಿಸಿದ ಇಂದ್ರನಿಗೆ ಒಂದು ಕೂದಲೂ ಕೊಂಕಲಿಲ್ಲ. ಶಿವ ಪಾರ್ವತಿಯರ ಮದುವೆಯಾಯಿತು, ಕುಮಾರ ಹುಟ್ಟಿದ, ಅಸುರ ಸತ್ತ, ಎಲ್ಲರ ಕೆಲಸವೂ ಆಯಿತು. ನಾವು ಮಾತ್ರ ಪ್ರತಿ ವರ್ಷ ಕಾಮನನ್ನೇ ಸುಡುತ್ತೇವೆ. ಗುಂಪಿನಲ್ಲಿ ಒಬ್ಬನನ್ನು ಮುಂದೆ ಬಿಡುವುದು, ಆಮೇಲೆ ಅವನೇ ಕರ್ಕೊಂಡು ಹೋಗಿದ್ದು ಅನ್ನುವುದು, ಇದು ದೇವಲೋಕದಲ್ಲೂ ಇತ್ತು ಅಂತಾಯಿತು.

ನಮ್ಮ ಬಡಾವಣೆಯ ಸಂಘದವರು ಈ ಸಲ ಪಾರ್ಕಿನ ಪಕ್ಕದ ಖಾಲಿ ಸೈಟಿನಲ್ಲಿ ಬೆಂಕಿ ಹಾಕಿದರು. ಸೌದೆ ಡಿಪೋದಿಂದ ಸೀಳಿದ ಕಟ್ಟಿಗೆ ತರಿಸಿ, ಬಿಲ್ಲನ್ನೂ ಗ್ರೂಪಿಗೆ ಹಾಕಿದ್ದರು. ಮರಳಿನ ಬಕೆಟ್ಟು, ನೀರಿನ ಪೈಪು ಎಲ್ಲ ಇಟ್ಟಿದ್ದರು, ಅದು ಒಳ್ಳೆಯದೇ. ಬ್ಯಾನರಿನಲ್ಲಿ ‘ಹೋಲಿಕಾ ದಹನ್’ ಅಂತಿತ್ತು. ಕಾಮಣ್ಣ ಯಾವಾಗ ಹೋಲಿಕಾ ಆದ ಅಂತ ಒಂದಿಬ್ಬರು ಕೊಸರಾಡಿದರು. ನನಗೆ ಅದರಲ್ಲಿ ದೊಡ್ಡ ತಕರಾರಿಲ್ಲ. ಲಖನೌದಿಂದ ಬಂದ ನಮ್ಮ ಮೇಲಿನ ಮನೆಯವರಿಗೆ ಅದು ಪ್ರಹ್ಲಾದನ ಅತ್ತೆಯ ಕಥೆ. ಅವರ ಊರಿನಲ್ಲೂ ಹುಡುಗರು ಸೌದೆ ಕದಿಯುತ್ತಾರಂತೆ. ಅವರು ಚಿಕ್ಕವರಿದ್ದಾಗ ಒಂದು ಹಗ್ಗದ ಮಂಚವನ್ನೇ ಎತ್ತಿದ್ದರಂತೆ, ಮೇಲೆ ಮಲಗಿದ್ದವರನ್ನು ಕೆಳಗಿಳಿಸಿ! ತಲೆಹಲಗೆಯ ವಿಡಿಯೋ ನೋಡಿ ಇಡೀ ಬಡಾವಣೆಯಲ್ಲಿ ಮನಸಾರೆ ನಕ್ಕವರು ಅವರೊಬ್ಬರೇ.

ಆ ಮಾತಿಗೆ ಬಂದೆ. ವಿಡಿಯೋವನ್ನು ನಾನೂ ಲೆಕ್ಕವಿಲ್ಲದಷ್ಟು ಸಲ ನೋಡಿದ್ದೇನೆ. ಮೊದಲು ಆ ‘ಶ್’ ನೋಡಿದಾಗ ಎಂಥ ಹುಡುಗ ಅಂತ ಖುಷಿಯಾಗಿತ್ತು. ನೋಡುತ್ತಿರುವವರನ್ನೂ ತನ್ನ ಗುಂಪಿಗೆ ಸೇರಿಸಿಕೊಂಡ ಅನ್ನಿಸಿತ್ತು. ಎದುರುಮನೆಯವರಿಗೆ ಅದೇ ಬೆರಳು ಸವಾಲಾಗಿ ಕಂಡಿತ್ತು. ಗ್ರೂಪಿನಲ್ಲಿ ಒಬ್ಬರು, “ಮುಖದಲ್ಲಿ ಸ್ವಲ್ಪಾನೂ ಭಯ ಇಲ್ಲ, ಅನುಭವ ಇರೋನು” ಅಂತ ಬರೆದಿದ್ದರು. ನನ್ನ ಹೆಂಡತಿ ಹೆಗಲ ಮೇಲಿಂದ ಬಗ್ಗಿ ಒಂದೇ ಸಲ ನೋಡಿ, “ಕ್ಯಾಮೆರಾಕ್ಕಲ್ಲ ಕಣ್ರೀ, ನಾಯಿಗೆ” ಅಂದಳು.

ನಿಲ್ಲಿಸಿ, ಹಿಂದಕ್ಕೆ ತಳ್ಳಿ, ದೊಡ್ಡದು ಮಾಡಿ ನೋಡಿದೆ. ಚಿತ್ರದ ಕೆಳಗಿನ ಅಂಚಿನಲ್ಲಿ ಒಂದು ಬಾಲದ ತುದಿ ಅಲ್ಲಾಡುತ್ತಿದೆ. ಹುಡುಗನ ಕಣ್ಣು ಕೆಳಗಿದೆ, ಬಾಲ ಇರುವ ಕಡೆಗೆ. ಅವನಿಗೆ ಮೇಲೆ ಕ್ಯಾಮೆರಾ ಇರುವುದೇ ಗೊತ್ತಿರಲಿಲ್ಲವೇನೋ. ಅಷ್ಟು ಜನ ಅಷ್ಟು ದಿನ ಆ ಬೆರಳಿಗೆ ಅರ್ಥ ಹಚ್ಚಿದೆವಲ್ಲ, ಅವನು ನಮ್ಮ ಬೀದಿ ನಾಯಿಗೆ ಬೊಗಳಬೇಡ ಅಂತಿದ್ದ, ಅಷ್ಟೇ. ಇದನ್ನೂ ಗ್ರೂಪಿಗೆ ಬರೆದೆ. ಅಷ್ಟರಲ್ಲಿ ನೀರಿನ ಟ್ಯಾಂಕರ್ ಗಲಾಟೆ ಶುರುವಾಗಿತ್ತು, ಯಾರೂ ಗಮನ ಕೊಡಲಿಲ್ಲ.

ನಿನ್ನೆ ಸಂಜೆ ಬಟ್ಟೆ ತರಲು ಇಸ್ತ್ರಿ ಗಾಡಿಗೆ ಹೋಗಿದ್ದೆ. ಹುಡುಗ ಗಾಡಿಯ ಪಕ್ಕ ಕಲ್ಲಿನ ಮೇಲೆ ಕೂತು ಹೋಂವರ್ಕ್ ಮಾಡುತ್ತಿದ್ದ. ಕೇಳಿದೆ.

“ನಾಯಿಗೇ ಅಂಕಲ್. ದಿನಾ ನಾನೇ ಬನ್ ಹಾಕ್ತೀನಿ, ಆದ್ರೂ ನನ್ನ ನೋಡಿದ್ರೇ ಬೊಗಳತ್ತೆ.”

ನನಗೆ ಹುಮ್ಮಸ್ಸು ಬಂತು. ಹಲಗೆ ಏನು ಮಹಾ, ನಾವು ಗೇಟು ಎತ್ತಿದ್ದೆವು ಅಂದೆ. ಅವನು ಪೆನ್ಸಿಲ್ ಕೆಳಗಿಟ್ಟ.

“ಗೇಟಾ? ಇಡೀ ಗೇಟಾ? ಬೀಗ ಹಾಕಿರ್ಲಿಲ್ವಾ?”

“ಬೀಗ ಇದ್ರೆ ಏನು? ಬಿಜಾಗರಿ ಕಡೆಯಿಂದ ಎತ್ತಬೇಕು. ಇಬ್ಬರು ಹಿಡ್ಕೊಂಡು...”

“ಸಾರ್.” ಆತ ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದರು. ದನಿ ಮೆತ್ತಗೇ ಇತ್ತು. “ಅವನಿಗೆ ಅದೆಲ್ಲ ಹೇಳ್ಕೊಡ್ಬೇಡಿ ಸಾರ್.”

ಹುಡುಗ ಮತ್ತೆ ಪುಸ್ತಕಕ್ಕೆ ತಲೆ ಬಗ್ಗಿಸಿದ. ಆತ ನನ್ನ ಬಟ್ಟೆಯ ಗಂಟನ್ನು ಗಾಡಿಯ ಮೇಲೆ ಬಿಚ್ಚಿ, ಒಂದೊಂದನ್ನೇ ಸರಿಸಿ ತೋರಿಸಿದರು. ಇಷ್ಟು ವರ್ಷದಲ್ಲಿ ಹಾಗೆ ಮಾಡಿದ್ದೇ ಇಲ್ಲ.

“ನಾಲ್ಕು ಶರ್ಟು, ಎರಡು ಪ್ಯಾಂಟು, ಮೇಡಂದು ಒಂದು ಸೀರೆ. ಎಣಿಸ್ಕೊಂಡ್ ಬಿಡಿ ಸಾರ್.”